ಸೂಜಿ ಮಾಡಿದವರು ಮರುದಿನವೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬರ ಪತ್ರ ಓದಿದೆ. ಮತ್ತೊಮ್ಮೆ ಕೊರೊನಾದಂಥ ಕಾಯಿಲೆ ಬಂದರೆ ಹೊಸ ಲಸಿಕೆಯನ್ನು ಕಡ್ಡಾಯ ಮಾಡುವ ಕಾನೂನು ಈಗಲೇ ತಯಾರಿರಬೇಕಂತೆ. ಇಲ್ಲದಿದ್ದರೆ ಉತ್ತರ ಕರ್ನಾಟಕದ ಹಳ್ಳಿ ಜನ ಅಜ್ಞಾನದಿಂದ ಮತ್ತೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರಂತೆ. ಬರೆದವರು ಓದಿದವರು ಅನ್ನುವುದು ಅವರ ಕನ್ನಡದಲ್ಲೇ ಗೊತ್ತಾಗುತ್ತದೆ. ಲಸಿಕೆ ಬೇಕು ಅನ್ನುವುದರಲ್ಲಿ ನನಗೂ ಅವರಿಗೂ ಜಗಳವಿಲ್ಲ. ಆದರೆ ಜನ ಯಾಕೆ ಬಾಗಿಲು ಹಾಕಿಕೊಂಡರು ಅಂತ ಅವರು ಯಾರನ್ನೂ ಕೇಳಿದ ಹಾಗೆ ಕಾಣುವುದಿಲ್ಲ.

ನಾನು ಬೀಳಗಿ ತಾಲ್ಲೂಕಿನಲ್ಲಿ, ಮುಳುಗಡೆಯಾದ ಊರಿನವರಿಗೆ ಕಟ್ಟಿದ ಒಂದು ಪುನರ್ವಸತಿ ಕೇಂದ್ರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಲಾಕ್‌ಡೌನ್‌ನಲ್ಲಿ ಹೋಟೆಲು, ಕಟಿಂಗ್ ಅಂಗಡಿ, ಗುಡಿ ಎಲ್ಲ ಮುಚ್ಚಿದ್ದವು. ರೊಟ್ಟಿ ಬಿಡಲಿಕ್ಕೆ ಆಗುತ್ತದೆಯೇ? ಹಾಗಾಗಿ ಗಿರಣಿ ಮುಚ್ಚಲಿಲ್ಲ. ಜೋಳದ ಡಬ್ಬಿ ಪಾಳಿಗೆ ಇಟ್ಟು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ದೂರ ದೂರ ಕೂರುತ್ತಿದ್ದರು. ಕರೆಂಟ್ ಹೋದರೆ ಮಾತು ಇನ್ನೂ ಜಾಸ್ತಿ. ಊರಲ್ಲಿ ಯಾರು ಸೂಜಿ ಮಾಡಿಸಿಕೊಂಡರು, ಯಾರು ಹೊಲಕ್ಕೆ ಓಡಿದರು, ಯಾರಿಗೆ ಜ್ವರ ಬಂತು, ಎಲ್ಲ ಸುದ್ದಿ ಇಲ್ಲಿಗೇ ಬರುತ್ತಿತ್ತು.

ದೇಶದಲ್ಲಿ ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ, ಆಸ್ಪತ್ರೆ ಸಿಬ್ಬಂದಿಯಿಂದ. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ. ನಮ್ಮ ಕಡೆ ಮಾತು ಜೋರಾಗಿದ್ದು ಆಗಲೇ. ವಾಟ್ಸಾಪ್‌ನಲ್ಲಿ ಬಂದ ಕಸವೇನೂ ಕಡಿಮೆ ಇರಲಿಲ್ಲ, ಒಪ್ಪುತ್ತೇನೆ. ಸೂಜಿಯಲ್ಲಿ ಚಿಪ್ ಇದೆ ಅಂದವರಿದ್ದರು, ಎರಡು ವರ್ಷದಲ್ಲಿ ಎಲ್ಲರೂ ಸಾಯುತ್ತಾರೆ ಅಂದವರೂ ಇದ್ದರು. ಆದರೆ ಅಂಥ ಮಾತಿಗೆ ಕಟ್ಟೆಯ ಮೇಲೆ ಕೂತವರು ನಕ್ಕಿದ್ದೇ ಜಾಸ್ತಿ. ಸೂಜಿ ಬೇಡ ಅಂದವರಲ್ಲಿ ಹೆಚ್ಚಿನವರ ಕಾರಣ ಬೇರೆ ಇತ್ತು. ಕೆಲವು ಗಂಡಸರದಂತೂ ಒಂದೇ ಚಿಂತೆ. ಸೂಜಿ ಮಾಡಿಸಿಕೊಂಡರೆ ಎಷ್ಟು ದಿನ ಕುಡಿಯಬಾರದು ಅಂತ. ಅವರ ವಿಷಯ ಬಿಡಿ.

ಒಬ್ಬ ಅಜ್ಜಿ ಕೇಳಿದ್ದು ನನಗೆ ಇನ್ನೂ ನೆನಪಿದೆ. ಆಕೆಗೆ ಚಿಪ್ಪೂ ಗೊತ್ತಿಲ್ಲ, ಎಂಥದ್ದೂ ಗೊತ್ತಿಲ್ಲ. "ತಮ್ಮಾ, ಸೂಜಿ ಮಾಡಿಸ್ಕೊಂಡ ಮ್ಯಾಲ ರಾತ್ರಿ ನನಗ ಏನರ ಆದ್ರ ಯಾರಿಗಿ ಕೇಳೂದು? ಆ ಗಾಡಿ ಸಂಜೀಕ ಹೊಳ್ಳಿ ಹೋಗತೈತಲ್ಲಾ" ಅಂದಳು. ಮಗ ಸೊಸೆ ಮಂಗಳೂರಿಗೆ ದುಡಿಯಲು ಹೋಗಿದ್ದರು. ಮನೆಯಲ್ಲಿ ಈಕೆ ಮತ್ತು ಒಂದು ಎಮ್ಮೆ. ಜ್ವರ ಬಂದು ಮಲಗಿದರೆ ಎಮ್ಮೆಗೆ ನೀರು ಕುಡಿಸುವವರು ಯಾರು? ಇದನ್ನು ಅಜ್ಞಾನ ಅನ್ನಬೇಕಾ?

ಕೂಲಿಗೆ ಹೋಗುವವರದು ಇನ್ನೊಂದು ಲೆಕ್ಕ. ಆ ಲಸಿಕೆಗೆ ಮೈಕೈ ನೋವು, ಜ್ವರ ಬರುವುದು ಮಾಮೂಲು. ಅದರಲ್ಲೂ ಕೋವಿಶೀಲ್ಡ್‌ನ ಮೊದಲ ಡೋಸಿಗೆ ಒಂದೆರಡು ದಿನ ಎದ್ದು ಓಡಾಡಲಾಗದವರೂ ಇದ್ದರು. ಮೈ ಆ ವೈರಸ್ಸಿನ ಗುರುತು ಹಿಡಿಯುವುದನ್ನು ಕಲಿಯುವಾಗ ಹಾಗಾಗುತ್ತದೆ, ಹೆದರುವಂಥದ್ದೇನೂ ಅಲ್ಲ. ಪಗಾರ ಬರುವ ನೌಕರಿದಾರ ಒಂದು ರಜೆ ಬರೆದು ಮಲಗುತ್ತಾನೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದರೆ ಆ ದಿನದ ಕೂಲಿ ಇಬ್ಬರದೂ ಹೋಯಿತು. "ನಾಳಿ ಆಕಿ ಮಾಡಿಸ್ಕೊಳ್ಳಲಿ, ಮುಂದಿನ ವಾರ ನಾ ಮಾಡಿಸ್ಕೊಂತೀನಿ" ಅಂತ ಗಂಡ ಅನ್ನುತ್ತಿದ್ದ. ಮುಂದಿನ ವಾರ ಊರಿಗೆ ಲಸಿಕೆಯೇ ಬರುತ್ತಿರಲಿಲ್ಲ. ಕೊನೆಗೆ ದಾಖಲೆಯಲ್ಲಿ ಅವನು ಲಸಿಕೆ ನಿರಾಕರಿಸಿದವನು.

ನಮ್ಮ ಊರಿನದು ಮುಳುಗಡೆಯ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಆ ಪತ್ರ ಬರೆದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಹಳೇ ಊರು ಹೋಯಿತು. ಬಾಗಲಕೋಟೆ ಪಟ್ಟಣದ್ದೇ ಒಂದು ಭಾಗ ನೀರಿಗೆ ಹೋಗಿ ನವನಗರ ಎದ್ದಿತು. ನಮ್ಮಂಥ ಹಳ್ಳಿಗಳು ಆರ್.ಸಿ., ಅಂದರೆ ಪುನರ್ವಸತಿ ಕೇಂದ್ರ ಆದವು. ಸೈಟಿನ ನಂಬರ್, ಗಟಾರದ ಲೈನು ಎಲ್ಲ ಆಯಿತು. ಪರಿಹಾರದ ಕೇಸುಗಳು ಮಾತ್ರ ಕೋರ್ಟಿನಲ್ಲಿ ವರ್ಷಾನುಗಟ್ಟಲೆ ನಡೆದವು. ಇಲ್ಲಿನ ಹಿರಿಯರು ಆಗ ಸರ್ಕಾರದ ಎಷ್ಟೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಕಾಗದದಲ್ಲಿ ಏನಿತ್ತು ಅಂತ ಒತ್ತಿದ ಎಷ್ಟೋ ವರ್ಷದ ಮೇಲೆ ವಕೀಲರಿಂದ ತಿಳಿದುಕೊಂಡವರು ಅವರು. ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇವತ್ತಿಗೂ ಮುಗಿದಿಲ್ಲ.

ಅಂಥ ಊರಿಗೆ ಒಂದು ದಿನ ಜೀಪು ಬಂತು. ಶಾಲೆಯಲ್ಲಿ ಟೇಬಲ್ ಹಾಕಿದರು. ಆಧಾರ್ ತನ್ನಿ, ಮೊಬೈಲ್ ನಂಬರ್ ಹೇಳಿ, ಬಂದ ಓಟಿಪಿ ಹೇಳಿ ಅಂದರು. ಅದಕ್ಕೆ ಮೊದಲು ಬ್ಯಾಂಕಿನವರು ಹಳ್ಳಿಹಳ್ಳಿಗೆ ಬಂದು ಯಾರು ಕೇಳಿದರೂ ಓಟಿಪಿ ಹೇಳಬೇಡಿ, ಖಾತೆ ಖಾಲಿಯಾಗುತ್ತದೆ ಅಂತ ತಲೆಗೆ ತುಂಬಿ ಹೋಗಿದ್ದರು. ಅದನ್ನು ಸರಿಯಾಗಿ ಕಲಿತವನೇ ಲಸಿಕೆಯ ಟೇಬಲ್ ಹತ್ತಿರ ಹಿಂದೆ ಸರಿದ. "ಹಿಂದ ಹೆಬ್ಬಟ್ಟ ಒತ್ತಿ ಊರ ಹೋತು, ಈಗ ನಂಬರ್ ಹೇಳಿ ಮತ್ತೇನ ಹೋಗತೈತೋ" ಅಂದವನು ನನಗೆ ವರಸೆಯಲ್ಲಿ ಕಾಕಾ ಆಗಬೇಕು. ಟೇಬಲ್ ಹತ್ತಿರ ಕೂತಿದ್ದ ಹುಡುಗ ನಕ್ಕ. ಕಾಕಾ ಸೀದಾ ಮನೆಗೆ ಹೋದ. ಆ ನಂಬರು ಯಾಕೆ ಬೇಕು, ಎರಡನೇ ಡೋಸು ಯಾವಾಗ ಅಂತ ಮೆಸೇಜ್ ಬರಲಿಕ್ಕೆ ಬೇಕು, ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಎರಡು ನಿಮಿಷ ಹೇಳಿದ್ದರೆ ಆಗುತ್ತಿತ್ತು. ಯಾರೂ ಹೇಳಲಿಲ್ಲ.

ಎರಡನೇ ಡೋಸಿನ ಗೊಂದಲವಂತೂ ಕೇಳಬೇಡಿ. ಮೊದಲು ನಾಲ್ಕರಿಂದ ಆರು ವಾರ ಅಂದರು. ಮಾರ್ಚ್‌ನಲ್ಲಿ ಕೋವಿಶೀಲ್ಡ್‌ಗೆ ಆರರಿಂದ ಎಂಟು ವಾರ ಆಯಿತು. ಮೇ 13ಕ್ಕೆ ಹನ್ನೆರಡರಿಂದ ಹದಿನಾರು ವಾರ ಆಯಿತು. ಆಗ ಎರಡನೇ ಅಲೆ ಏರಿತ್ತು, ಮೊದಲು ಬೇಡ ಅಂದವರೂ ಈಗ ಬೇಕು ಅನ್ನುತ್ತಿದ್ದರು, ಆಸ್ಪತ್ರೆ ಮುಂದೆ ಸ್ಟಾಕ್ ಇಲ್ಲ ಅನ್ನುವ ಬೋರ್ಡು ತೂಗುತ್ತಿತ್ತು. ಗಿರಣಿಯಲ್ಲಿ ಎಲ್ಲರೂ ಒಂದೇ ಅರ್ಥ ಮಾಡಿಕೊಂಡರು. ಲಸಿಕೆ ಇಲ್ಲ, ಅದಕ್ಕೇ ದಿನ ಮುಂದೆ ಹಾಕಿದ್ದಾರೆ. ಡೋಸುಗಳ ನಡುವೆ ಅಂತರ ಜಾಸ್ತಿ ಇದ್ದರೆ ಆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಬ್ರಿಟನ್ನಿನ ಮಾಹಿತಿಯಿಂದ ಗೊತ್ತಾಗಿತ್ತು, ಸರ್ಕಾರ ಕೊಟ್ಟ ಕಾರಣವೂ ಅದೇ. ಎರಡೂ ಮಾತು ಒಟ್ಟಿಗೆ ನಿಜ ಇರಬಹುದಲ್ವಾ? ಅಂತರ ಒಳ್ಳೆಯದು, ಜೊತೆಗೆ ಸ್ಟಾಕೂ ಇಲ್ಲ ಅಂತ ನೇರವಾಗಿ ಹೇಳಿದ್ದರೆ ನಮ್ಮ ಜನ ಕೇಳುತ್ತಿದ್ದರು. ಮಳೆ ತಡವಾದರೆ ಬಿತ್ತನೆ ಮುಂದೆ ಹಾಕುವುದು ನಮಗೇನು ಹೊಸದಲ್ಲ.

ಹೊಸದಾಗಿ ಮದುವೆಯಾದ ಹುಡುಗಿಯರ ಭಯ ಬೇರೆ. ಸೂಜಿ ಮಾಡಿಸಿಕೊಂಡರೆ ಮಕ್ಕಳಾಗುವುದಿಲ್ಲ ಅನ್ನುವ ಮಾತು ಓಡಾಡುತ್ತಿತ್ತು. ಅದೇ ಹೊತ್ತಿಗೆ ಗರ್ಭಿಣಿಯರಿಗೆ ಸೂಜಿ ಇಲ್ಲ ಅಂತ ಸರ್ಕಾರವೇ ಹೇಳಿತ್ತು. ಅಲ್ಲಿಗೆ ಅತ್ತೆಯಂದಿರಿಗೆ ಖಾತ್ರಿ ಆಯಿತು. 2021ರ ಜುಲೈ 2ರಂದು ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು ಅಂತಾಯಿತು. ಮೊದಲು ಬೇಡ ಅಂದದ್ದು ಯಾಕೆ, ಈಗ ಹೂಂ ಅಂದದ್ದು ಯಾಕೆ? ಪ್ರಯೋಗದ ಹೊತ್ತಿಗೆ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ, ಹಾಗಾಗಿ ಮಾಹಿತಿ ಇರಲಿಲ್ಲ, ಆಮೇಲೆ ಸಿಕ್ಕಿತು. ಇಷ್ಟೇ ವಿಷಯ. ಇದನ್ನು ನಾನು ತಿಳಿದುಕೊಂಡದ್ದು ಪೇಪರ್ ಓದಿ. ಗಿರಣಿಗೆ ಬರುವ ಹೆಣ್ಣುಮಕ್ಕಳಲ್ಲಿ ಪೇಪರ್ ಓದುವವರು ಎಷ್ಟು ಜನ?

ಈಗ ನಮ್ಮ ಊರಿನ ಆಶಾ ಅಕ್ಕನ ವಿಷಯ. ನಾನು ಈ ಪತ್ರ ಬರೆಯಲು ಕೂತದ್ದೇ ಆಕೆಗಾಗಿ. ಆಕೆ ಇದೇ ಊರಿನ ಸೊಸೆ. ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ರಾಜ್ಯದಲ್ಲೆಲ್ಲ ಮುಷ್ಕರ ಮಾಡಿದ್ದರು, ನೆನಪಿರಬಹುದು. ಅವರಲ್ಲಿ ಈಕೆಯೂ ಒಬ್ಬಳು. ಕೇಳಿದ್ದು ಸಿಗಲಿಲ್ಲ, ಕೆಲಸವನ್ನಂತೂ ಬಿಡಲಿಲ್ಲ.

ಜೀಪಿನ ಮೈಕಿನಲ್ಲಿ ಒಂದೇ ಮಾತು ಬರುತ್ತಿತ್ತು. ಲಸಿಕೆ ಸಂಪೂರ್ಣ ಸುರಕ್ಷಿತ, ಏನೂ ಆಗುವುದಿಲ್ಲ. ಪಕ್ಕದ ಊರಿನಲ್ಲಿ ಅದನ್ನು ನಂಬಿ ಮೊದಲ ದಿನ ಬಹಳ ಜನ ಹೋದರು. ರಾತ್ರಿ ಜ್ವರ ಬಂತು. ಏನೂ ಆಗುವುದಿಲ್ಲ ಅಂದಿದ್ದರಲ್ಲ, ಆಯಿತಲ್ಲ! ಮುಂದಿನ ಸಲ ಜೀಪು ಬಂದಾಗ ಅರ್ಧ ಊರಿಗೆ ಬೀಗ. ಜನ ಹೊಲದಲ್ಲಿದ್ದರು.

ನಮ್ಮ ಆಶಾ ಅಕ್ಕ ಗಿರಣಿಯ ಕಟ್ಟೆಗೆ ಬಂದು ಕೂತು ಬೇರೆಯೇ ಹೇಳಿದಳು. "ಜ್ವರ ಬರ್ತಾವ. ಮೈಕೈ ನೋಯ್ತಾವ. ಸೂಜಿ ಮಾಡಿದ ರಟ್ಟಿ ಎತ್ತಾಕ ಆಗಂಗಿಲ್ಲ. ಒಂದ ದಿನ, ಭಾಳಂದ್ರ ಎರಡ ದಿನ. ಗುಳಗಿ ನಾ ಕೊಡ್ತೀನಿ. ನಾಳೆ ಮುಂಜಾನೆ ಎಲ್ಲಾರ ಮನಿಗೂ ಬಂದ ನೋಡ್ತೀನಿ. ಬರಲಿಲ್ಲಂದ್ರ ನಮ್ಮ ಮನಿಗೆ ಬಂದ ಬೈರಿ." ಜೊತೆಗೆ ಒಂದು ಬುದ್ಧಿವಂತಿಕೆ ಮಾಡಿದಳು. ಒಂದು ಮನೆಯಲ್ಲಿ ಎಲ್ಲರೂ ಒಂದೇ ದಿನ ಬರಬೇಡಿ ಅಂದಳು. ಇವತ್ತು ಅತ್ತೆ, ಮುಂದಿನ ಪಾಳಿಗೆ ಸೊಸೆ. ಕೂಲಿಯವರಿಗೆ ಶನಿವಾರ ಹಾಕಿಸಿಕೊಂಡು ರವಿವಾರ ಮಲಗಿ ಅಂದಳು. ಇದು ಯಾವ ಸುತ್ತೋಲೆಯಲ್ಲೂ ಇರಲಿಕ್ಕಿಲ್ಲ.

ಮರುದಿನ ಆಕೆ ನಿಜವಾಗಿಯೂ ಬಂದಳು. ನಾನು ಗಿರಣಿ ತೆಗೆಯುವ ಹೊತ್ತಿಗೆ ಆಕೆ ಆಗಲೇ ಮೇಲಿನ ಓಣಿ ಮುಗಿಸಿ ಇಳಿಯುತ್ತಿದ್ದಳು. ಕೈಯಲ್ಲಿ ಪ್ಯಾರಾಸಿಟಮಾಲ್ ಇದ್ದ ಚೀಲ, ಮೈಮೇಲೆ ಆ ಗುಲಾಬಿ ಸೀರೆ, ಮೂಗಿನಿಂದ ಜಾರುವ ಮಾಸ್ಕು. ನಾನು ಹೇಳಿದ ಅಜ್ಜಿಯ ಮನೆಗೆ ಹೋಗಿ ಹಣೆ ಮುಟ್ಟಿ ನೋಡಿ, ಗುಳಿಗೆ ಕೊಟ್ಟು, ಎಮ್ಮೆಗೆ ನೀರು ಇಟ್ಟು ಬಂದಳಂತೆ. ಅಜ್ಜಿ ಇದನ್ನು ಊರಿಗೆಲ್ಲ ಹೇಳಿದಳು. ಲಸಿಕೆಯ ಪ್ರಚಾರಕ್ಕೆ ಅಷ್ಟು ಸಾಕಾಯಿತು. ಮುಂದಿನ ಪಾಳಿಗೆ ಶಾಲೆಯ ಅಂಗಳದಲ್ಲಿ ಸಾಲು ಗೇಟಿನ ಹೊರಗೆ ಬಂದಿತ್ತು. ಓಟಿಪಿಗೆ ಹೆದರಿದ ಕಾಕಾನೂ ಆ ಸಾಲಿನಲ್ಲಿದ್ದ. ಆಶಾ ಅಕ್ಕನ ಮೊಬೈಲ್ ನಂಬರಿನ ಮೇಲೆ ಹೆಸರು ಬರೆಸಿಕೊಂಡ. ಒಂದು ನಂಬರಿನ ಮೇಲೆ ನಾಲ್ಕು ಜನರ ಹೆಸರು ಹಾಕಲು ಬರುತ್ತಿತ್ತು, ಅದನ್ನು ಆಕೆ ಪೂರಾ ಬಳಸಿಕೊಂಡಳು.

ನಮ್ಮ ಜನಕ್ಕೆ ಲಸಿಕೆ ಹೊಸದೂ ಅಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇದೆಯಲ್ಲ, ಅಲ್ಲಿ ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. 2021ರ ಜನವರಿಯಲ್ಲಿ ಪುಣೆಯಿಂದ ಕೋವಿಶೀಲ್ಡ್ ಬಂದು ಇಳಿದದ್ದೂ ಅಲ್ಲೇ. ಪ್ಲೇಗಿನ ಕಾಲದಲ್ಲಿ ಹಾಫ್‌ಕಿನ್ ಅನ್ನುವವರು ಮುಂಬೈಯಲ್ಲಿ ತಾವು ಮಾಡಿದ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಆಗ ಟಿವಿಯೂ ಇರಲಿಲ್ಲ, ಜೀಪಿಗೆ ಮೈಕೂ ಇರಲಿಲ್ಲ. ಇದನ್ನೆಲ್ಲ ಹೇಳುವುದು ಯಾಕಂದರೆ, ನಮ್ಮ ಭಾಗದವರು ಹುಟ್ಟಾ ಲಸಿಕೆ ವಿರೋಧಿಗಳು ಅನ್ನುವ ಹಾಗೆ ಆ ಪತ್ರದಲ್ಲಿ ಬರೆದಿದ್ದಕ್ಕೆ.

ಹೆದರಿಕೆಗೆ ನಿಜವಾದ ಕಾರಣ ಇದ್ದಾಗಲೂ ಸುಮ್ಮನಿರುವುದು ನಮ್ಮ ಇಲಾಖೆಗಳ ಚಾಳಿ. 2022ರ ಜನವರಿಯಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಹೋಟೆಲಿನ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಆಗ ಪತ್ರಿಕೆಗಳಲ್ಲೇ ಬಂತು. ಸಿಬ್ಬಂದಿ ಅಮಾನತಾದರು. ಆ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಅದರ ಜೊತೆ ಬರುವ ನೀರು ಬೆರೆಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಬಳಸಲೇಬಾರದು. ದಡಾರದಿಂದ ಎಷ್ಟೋ ಮಕ್ಕಳನ್ನು ಉಳಿಸಿದ ಲಸಿಕೆ ಅದು. ಹಾಗಾದರೆ ಆ ಕೂಸುಗಳ ತಾಯಂದಿರ ಊರಿನಲ್ಲಿ, ಸುತ್ತಲಿನ ಊರುಗಳಲ್ಲಿ ಯಾರಾದರೂ ಹೋಗಿ ತಪ್ಪಾದದ್ದು ಎಲ್ಲಿ, ಇನ್ನು ಮೇಲೆ ಹಾಗಾಗದಂತೆ ಏನು ಮಾಡಿದ್ದೇವೆ ಅಂತ ಕೂತು ಹೇಳಬೇಕಿತ್ತಲ್ವಾ? ನಮ್ಮ ಕಡೆಗಂತೂ ಯಾರೂ ಬರಲಿಲ್ಲ. ಆ ವಾರ ಗಿರಣಿಗೆ ಬಂದ ಬಾಣಂತಿಯರ ತಾಯಂದಿರು ನನ್ನನ್ನು ಕೇಳುತ್ತಿದ್ದರು. ಹಿಟ್ಟು ಬೀಸುವವನನ್ನು ಕೇಳುವ ಪ್ರಶ್ನೆಯೇ ಅದು?

ಆಮೇಲೆ 2024ರ ಏಪ್ರಿಲ್ ಕೊನೆಗೆ ಟಿವಿ ತುಂಬ ಅದೇ ಸುದ್ದಿ. ಕೋವಿಶೀಲ್ಡ್‌ನಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ ಆ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ ಕೋರ್ಟಿನಲ್ಲಿ ಒಪ್ಪಿಕೊಂಡಿದೆ ಅಂತ. ಕೆಂಪು ಅಕ್ಷರ, ಢಣಢಣ ಸಂಗೀತ. ಇದೇ ವಿಷಯವನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಹೇಳಿತ್ತು. ಅದು ಬಹಳ ಅಪರೂಪ, ಆಗುವುದಿದ್ದರೂ ಸೂಜಿ ಹಾಕಿದ ಕೆಲವು ದಿನ ಅಥವಾ ವಾರಗಳಲ್ಲಿ ಆಗುತ್ತದೆ. ಮೂರು ವರ್ಷದ ಮೇಲೆ ಎದೆ ಹಿಡಿದುಕೊಂಡು ಕೂರುವ ಕಾರಣವಿಲ್ಲ. ಇದನ್ನು 2021ರಲ್ಲೇ ಹಳ್ಳಿಗೆ ಬಂದು ಹೇಳಿದ್ದರೆ ಇದು 2024ಕ್ಕೆ ಬಯಲಾದ ಗುಟ್ಟಿನ ಹಾಗೆ ಕಾಣುತ್ತಿರಲಿಲ್ಲ. ಆಗ ಹೇಳಿದರೆ ಜನ ಹೆದರುತ್ತಾರೆ ಅಂತ ಸುಮ್ಮನಿದ್ದರೋ ಏನೋ. ಜ್ವರ ಬರುತ್ತದೆ ಅಂತ ಮೊದಲೇ ಹೇಳಿದ ಆಶಾ ಅಕ್ಕನಿಗೆ ಜನ ಹೆದರಲಿಲ್ಲವಲ್ಲ.

2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂತು. ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಅನ್ನುವ ಅರ್ಥದಲ್ಲಿ ಮುಖ್ಯಮಂತ್ರಿಗಳೇ ಬರೆದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ನೋಡಿ, ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧವಿಲ್ಲ ಅಂದಿತು. ಅದಕ್ಕೂ ಮೊದಲು, 2023ರಲ್ಲೇ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿದ್ದರು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಅಂತ ಬಂತು. ಹೆಚ್ಚಿಸುವುದು ಯಾವುದು ಅಂದರೆ, ಕೊರೊನಾ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಅಂಥ ಸಾವು, ವಿಪರೀತ ಕುಡಿತ, ಮೈಮುರಿಯುವ ಶ್ರಮ. ಕುಡಿತದ ವಿಷಯವನ್ನು ನಾನು ಗಿರಣಿಯಲ್ಲಿ ಜೋರಾಗಿ ಓದಿ ಹೇಳಿದೆ. ಮೊದಲು ಹೇಳಿದೆನಲ್ಲ, ಆ ಗಂಡಸರು ಆ ಹೊತ್ತಿಗೆ ಸರಿಯಾಗಿ ಎದ್ದು ಹೋದರು.

ಕಡ್ಡಾಯದ ಮಾತಿಗೆ ಬರುತ್ತೇನೆ. ಸುಪ್ರೀಂ ಕೋರ್ಟು 2022ರ ಮೇ 2ರಂದು ತೀರ್ಪು ಕೊಟ್ಟಿದೆ. ಒತ್ತಾಯದಿಂದ ಯಾರಿಗೂ ಲಸಿಕೆ ಹಾಕುವಂತಿಲ್ಲ ಅಂದಿದೆ. ಸರ್ಕಾರದ ಲಸಿಕಾ ನೀತಿ ಸರಿಯಿದೆ ಅಂತಲೂ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ನೆನಪಿಸುವುದಿಲ್ಲ. ಲಸಿಕೆಯಿಂದಾದ ಅಡ್ಡ ಪರಿಣಾಮಗಳ ವರದಿಯನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು ಅಂತ. ಅದು ಕನ್ನಡದಲ್ಲಿ, ನಮ್ಮ ಪಂಚಾಯಿತಿಯ ಬೋರ್ಡಿನ ಮೇಲೆ ಬಂದದ್ದನ್ನು ನಾನಂತೂ ನೋಡಿಲ್ಲ. ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅನ್ನುವ ಬೆದರಿಕೆ 2021ರಲ್ಲಿ ರಾಜ್ಯದ ಅಲ್ಲಲ್ಲಿ ಕೇಳಿತ್ತು. ಅದರಿಂದ ತೋಳಿಗೆ ಸೂಜಿ ಬೀಳಬಹುದು. ಅದೇ ಮನೆಯವರು ಮುಂದಿನ ಸಲ ಪೋಲಿಯೋ ಹನಿ ತಂದವರಿಗೂ ಬಾಗಿಲು ತೆಗೆಯುವುದಿಲ್ಲ.

ಕಾನೂನು ಬೇಕೇ ಬೇಕು ಅನ್ನುವುದಾದರೆ ಆ ಪತ್ರ ಬರೆದವರಿಗೆ ನನ್ನದೊಂದು ಸಲಹೆ. ಕಡ್ಡಾಯ ಇಲಾಖೆಗೆ ಮಾಡಿ. ಸೂಜಿ ಹಾಕಿದ ಮರುದಿನ ಊರಿನಲ್ಲಿ ಒಬ್ಬರು ಮನೆಮನೆಗೆ ಹೋಗಿ ನೋಡಲೇಬೇಕು, ಹಾಗೆ ಹೋದವರಿಗೆ ಆ ದಿನದ ದುಡ್ಡು ಅದೇ ತಿಂಗಳು ಸಿಗಲೇಬೇಕು ಅಂತ ಬರೆಯಿರಿ. ಸರ್ಕಾರದ ಉದ್ಯೋಗ ಖಾತ್ರಿ ಕೂಲಿಗೆ ಹೋಗುವವರಿಗೆ ಸೂಜಿ ಹಾಕಿಸಿಕೊಂಡ ಮರುದಿನದ ಹಾಜರಿ ಹಾಕಿಕೊಡಲಿ. ಅಡ್ಡ ಪರಿಣಾಮದ ವರದಿಯನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಪಂಚಾಯಿತಿಗೆ ಕಳಿಸಲಿ. ಪಂಚಾಯಿತಿಯಲ್ಲಿ ಅಂಟಿಸಲು ಜಾಗವಿಲ್ಲ ಅಂದರೆ ನನ್ನ ಗಿರಣಿಯ ಗೋಡೆ ಇದೆ. ಈಗ ಅಲ್ಲಿ ಬೀಜ ಗೊಬ್ಬರದ ಜಾಹೀರಾತುಗಳಿವೆ, ಕಿತ್ತು ಹಾಕುತ್ತೇನೆ.

ಆಶಾ ಅಕ್ಕನ ಗುರುತು ಸಿಗಬಾರದೆಂದು ಊರಿನ ಹೆಸರು, ನನ್ನ ಹೆಸರು ಕಾಣಿಸಿಲ್ಲ. ದಯವಿಟ್ಟು ಹಾಗೆಯೇ ಪ್ರಕಟಿಸಿ.

ಇಂತಿ,
ಹಿಟ್ಟಿನ ಗಿರಣಿಯವ
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ